ಮಾದರಿ ಸಹಿ

ಪೋರ್ತೊ ನಗರದ ಕೋರ್ಟಿನಲ್ಲಿ ನನ್ನ ಕೆಲಸ
ಮಸಿಯ ಜೊತೆ, ಮನುಷ್ಯರ ಜೊತೆಯಲ್ಲ.
ಭೂತಗನ್ನಡಿಯಡಿ ಒಂದು ‘ಎಚ್’ ಹಿಗ್ಗಿ
ಕಮಾನಿನಂತೆ ನಿಂತಾಗ ಅದರಡಿ ನುಸುಳುತ್ತೇನೆ:
ಎಲ್ಲಿ ಪೆನ್ನು ಎತ್ತಿತು, ಎಲ್ಲಿ ಉಸಿರು ಕಟ್ಟಿತು,
ಎಲ್ಲಿ ಭಯಕ್ಕೆ ಮಸಿ ಕೆರೆ ಕಟ್ಟಿತು.

ಕಳ್ಳಸಹಿಗೆ ಅವಸರವಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಕಲಿತದ್ದು ಇಷ್ಟೇ.
ತನ್ನ ಹೆಸರನ್ನು ಯಾರೂ ನೋಡಿಕೊಂಡು ಬರೆಯುವುದಿಲ್ಲ,
ತುತ್ತು ಹಿಡಿದ ಕೈ ಬಾಯಿಗೆ ಹೋದಂತೆ ಹೋಗುತ್ತದೆ.
ಪರರ ಹೆಸರು ಬರೆವವನು ಮಾತ್ರ
ಕತ್ತಲಲ್ಲಿ ಮೆಟ್ಟಿಲಿಳಿಯುವವನಂತೆ
ತಿರುವು ತಿರುವಿಗೂ ಕಾಲು ತಡವುತ್ತಾನೆ.

ಆ ಸೆಪ್ಟೆಂಬರಿನಲ್ಲಿ ಬಂದ ಕಡತ:
ಎರ್ಮಿನಿಯು ಸೆರ್ಕೇರಾ, ದ್ರಾಕ್ಷಾರಸದ ಪೀಪಾಯಿ ಕಟ್ಟುವವ.
(ಹೆಸರಿನ ಮೊದಲಿಗೊಂದು ‘ಎಚ್’ ಉಂಟು, ನಮ್ಮ ನುಡಿಯಲ್ಲಿ
ಅದು ಬಾಯಿಗೆ ಬರುವುದಿಲ್ಲ, ಬರೆದರಷ್ಟೇ ಇದೆ.)
ಸತ್ತದ್ದು ಒಳನಾಡಿನ ತಂಗಿಯ ಊರಲ್ಲಿ;
ಅಲ್ಲಿನ ಪಾದ್ರಿಗೆ ಗೊತ್ತು, ಇಲ್ಲಿನ ಅಂಚೆಗೆ ಗೊತ್ತಿಲ್ಲ.
ಸತ್ತ ಮೇಲೂ ತಿಂಗಳ ಐದಕ್ಕೆ ಪಿಂಚಣಿ ರಸೀದಿಗೆ
ತಪ್ಪದೆ ರುಜು ಹಾಕಿದ್ದಾನೆ,
ನಲವತ್ತೇಳು ಸಲ.
ಆರೋಪಿ: ಹೆಂಡತಿ ದೆವುಲಿಂದಾ, ವಯಸ್ಸು ಎಪ್ಪತ್ತೊಂದು.

ಇಲಾಖೆ ಮಾದರಿ ಕಳಿಸಿತು,
ಅವನು ಬದುಕಿದ್ದಾಗಿನ ಮೂವತ್ತು ಸಹಿ.
ಅಕ್ಕಪಕ್ಕ ಹರವಿದೆ. ಅದೇ ವೇಗ, ಅದೇ ಓರೆ,
ಕೊನೆಗೆ ಅದೇ ಬಾಲ, ಕಿಟಕಿಯಿಂದ ಬೆಕ್ಕು ಧುಮುಕಿದಂತೆ.
ಒಂದು ವಾರ ಕೂತು ಕಣ್ಣು ಸೋತು ಬರೆದೆ:
ಎಲ್ಲವೂ ಒಂದೇ ಕೈಯವು. ಅಸಲಿ.
ಅಂದರೆ ಹೆಣವೇ ಬರೆದಿದೆ ಎಂದು ನಾನು
ಪ್ರಮಾಣ ಮಾಡಿ ನುಡಿಯಬೇಕಿತ್ತು.

ನುಡಿದೆ. ನ್ಯಾಯಾಧೀಶೆ ಕನ್ನಡಕ ತೆಗೆದರು.
ಯಾರೋ ಹಿಂದೆ ಕೆಮ್ಮಿದಂತೆ ನಕ್ಕರು.
ಆಗ ಆಕೆ ತಾನಾಗಿ ಎದ್ದಳು:
“ಆ ಮೂವತ್ತೂ ನನ್ನವೇ.
ಕಬ್ಬಿಣದ ಪಟ್ಟಿ ಸಿಡಿದು ಅವನ ಬಲಗೈ ಹೋದದ್ದು ಅರವತ್ತೊಂದರಲ್ಲಿ.
ನೀನೇ ಹಾಕು ಅಂದ, ಹಾಕಿದೆ.
ಬಾಡಿಗೆ ಚೀಟಿ, ಮಗಳ ಶಾಲೆಯ ಪುಸ್ತಕ,
ಒಮ್ಮೆ ಅವನ ತಮ್ಮನಿಗೆ ಬೈಗುಳದ ಕಾಗದ.
ಹೆಬ್ಬೆಟ್ಟು ಒತ್ತಲು ಅವನಿಗೆ ನಾಚಿಕೆ.
ಸತ್ತ ಮೇಲೆ ಹಾಕಬಾರದು, ಗೊತ್ತಿತ್ತು.
ಕೈಗೆ ಯಾರು ಹೇಳುವುದು?”
ಸ್ವಲ್ಪ ತಡೆದು, “ದುಡ್ಡೂ ಬೇಕಿತ್ತು,” ಅಂದಳು.

ಕಾನೂನು ಸಹಿಯ ಅಂದ ಕೇಳುವುದಿಲ್ಲ,
ಮೋಸದ ಮನಸ್ಸು ಯಾವ ತಾರೀಖಿಗೆ ಹುಟ್ಟಿತು ಎನ್ನುತ್ತದೆ.
ಮಾರ್ಚ್ ಹದಿನಾಲ್ಕರ ತನಕ ಅದು ಸಂಸಾರ,
ಆಚೆಗೆ ಅಪರಾಧ.
ಅದೇ ಮಸಿ, ಅದೇ ಅಡುಗೆಮನೆ ಮೇಜು.

ಅವನ ಸ್ವಂತದ್ದು ಒಂದಾದರೂ ಬೇಕೆಂದು ಹುಡುಕಿಸಿದರು.
ಚರ್ಚಿನ ಮದುವೆ ಪುಸ್ತಕದಲ್ಲಿ ಸಿಕ್ಕಿತು, ಮೂವತ್ತೆಂಟನೆ ಇಸವಿ:
ಒತ್ತಿ ಬರೆದ, ಗೆರೆ ಬಿಟ್ಟು ಮೇಲೇರಿದ, ದಪ್ಪ ಅಕ್ಷರ.
ಮೂವತ್ತು ಮಾದರಿಗಳಲ್ಲಿ ಒಂದಕ್ಕೂ ಹೊಂದಲಿಲ್ಲ.
ಅಸಲಿ ಮನುಷ್ಯನ ಒಂದೇ ಒಂದು ರುಜು,
ರುಜುವಾತಿನ ಎದುರು ತಲೆ ತಗ್ಗಿಸಿ ನಿಂತಿತ್ತು.

ಗುಮಾಸ್ತ ಹೇಳಿಕೆಯ ಹಾಳೆ ಸರಿಸಿದ: ಇಲ್ಲಿ, ನಿಮ್ಮ ಸಹಿ.
ಪೆನ್ನು ಹಿಡಿದ ಕೈ ‘ಎಚ್’ನ ಮೊದಲ ಗೆರೆಗೆ ಹೊರಟಿತ್ತು;
ಗಾಳಿಯಲ್ಲೇ ತಡೆದಳು.
ಹಾಳೆಯ ತುದಿಯಲ್ಲಿ ಅಚ್ಚಾಗಿದ್ದ ತನ್ನ ಹೆಸರನ್ನು
ಒಮ್ಮೆ ಓದಿಕೊಂಡಳು.
ಆಮೇಲೆ ಒಂದೊಂದೇ ಅಕ್ಷರ, ನೋಡಿ ನೋಡಿ.

ಬೇಡವೆಂದರೂ ನನ್ನ ಕಣ್ಣು ಅಲ್ಲಿಗೇ ಹೋಯಿತು.
ನಡುಕ. ನಾಲ್ಕು ಕಡೆ ಎತ್ತಿದ ಪೆನ್ನು.
‘ಎಲ್’ನ ಬುಡದಲ್ಲಿ ಕೆರೆ ಕಟ್ಟಿದ ಮಸಿ.
ಕಡತದಲ್ಲಿ ನನ್ನ ಮೇಜಿಗೆ ಬಂದಿದ್ದರೆ
ಕಣ್ಣು ಮುಚ್ಚಿಕೊಂಡು ಬರೆದುಬಿಡುತ್ತಿದ್ದೆ,
ಇದು ಖೋಟಾ ಎಂದು.