ಗಡಸು ನೀರು

ದೂರದ ಘಾಟಿಯಲ್ಲಿ ಕುದಿಯಲಿಲ್ಲ.
ನರಸಾಪುರ ದಾಟಿ, ವೇಮಗಲ್ಲಿಗೆ ಇನ್ನು ನಾಕು ಮೈಲಿ ಇರುವಾಗ
ಮೂತಿಯಿಂದ ಹೊಗೆ ಬಿಟ್ಟಿತಂತೆ.
ಅಲ್ಲಲ್ಲಿ ನಿಲ್ಲಿಸಿ, ಕ್ಯಾನಿನ ನೀರು ಹುಯ್ದು,
ದಿನ ತುಂಬಿದವಳನ್ನು ನಡೆಸಿಕೊಂಡು ಬಂದ ಹಾಗೆ
ತಂದು ಹುಣಸೆ ಮರದ ಕೆಳಗೆ ನಿಲ್ಲಿಸಿದ.

"ರೇಡಿಯೇಟರ್ ಹೋಯ್ತು" ಅಂದ ಪಿಳ್ಳಪ್ಪ,
ಓಣಿಯಲ್ಲಿ ಯಾರೋ ಹೋದರು ಅನ್ನುವ ದನಿಯಲ್ಲಿ.

ಮನೇಲೇ ಬಿಚ್ಚೋಣ ಅಂದೆ.
ನೀನಾ? ಅಂದ.
ಹೊಲಿಗೆ ಮಿಷಿನ್ನು ಬಿಚ್ಚಿ ಕೂಡಿಸಿದವಳು ನಾನು,
ಇಲ್ಲೂ ನಟ್ಟು ನಟ್ಟೇ, ಬೋಲ್ಟು ಬೋಲ್ಟೇ,
ಗಾತ್ರ ಬೇರೆ ಅಷ್ಟೆ.

ಬೆಳಗ್ಗೆ ಗುಜರಿ ಇಬಾದುಲ್ಲಾ ಟೆಂಪೋದಲ್ಲಿ ಬಂದು
ಸೆಕೆಂಡ್ ಹ್ಯಾಂಡಿನದೊಂದನ್ನು ಇಳಿಸಿ ಹೋದ:
"ಗಾಳಿ ಹೊಡೆದು ನೋಡಿದ್ದೀನಿ ಅಕ್ಕಾ,
ಒಂದು ಹನಿ ತೊಟ್ಟಿಕ್ಕಿದರೆ ನನ್ನ ಹೆಸರು ಬದಲಾಯಿಸಿ."

ಮೊದಲು ತಳದ ನಲ್ಲಿ ತಿರುವಿದ.
ಬಾಂಡ್ಲಿಗೆ ಇಳಿದದ್ದು ತುಕ್ಕಿನ ಸಾರು.
ಕೋಳಿಗಳು ಬಾಯಿಡದಂತೆ ನಾನು ಕಾಯ್ದೆ.
ಆಮೇಲೆ ಮುಂದಿನ ಜಾಲರಿ.
ಕೋಲಾರಮ್ಮನ ಹೆಸರಿದ್ದ ಹಲಗೆಯನ್ನು
ಇಬ್ಬರೂ ಹಿಡಿದು ಗೋಡೆಗೆ ಒರಗಿಸಿದೆವು,
ಅಮ್ಮನನ್ನು ಬಿಸಿಲಿಗೆ ಬಿಡುವುದೇ ಎಂದು
ಮೇಲೊಂದು ಗೋಣಿತಾಟು.

ಮೇಲಿನ ಹೋಸು ಒಂದೇ ಎಳೆತಕ್ಕೆ ಬಂತು.
ಕೆಳಗಿನ ಕ್ಲಾಂಪಿಗೆ ಅವನ ಕೈ ಹೋಗದು.
ಇಪ್ಪತ್ತೆರಡು ವರ್ಷ ಸ್ಟೇರಿಂಗು ಹಿಡಿದು
ಮಣಿಕಟ್ಟು ಒನಕೆಯಾಗಿದೆ.
ಬಳೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿ
ನಾನು ತೂರಿಸಿದೆ.
ಕಾಣದ ಜಾಗದಲ್ಲಿ ಸ್ಪಾನರು ಕೂಡಿಸುವಾಗ
ಕಣ್ಣು ಮುಚ್ಚಿದರೇ ಸಲೀಸು,
ಕರೆಂಟು ಹೋದಾಗ ಸೂಜಿಗೆ ದಾರ ಪೋಣಿಸಿದ ಹಾಗೆ.
ಅವನು ಹೊರಗಿಂದ ಹೇಳುತ್ತಲೇ ಇದ್ದ: ಎಡಕ್ಕೆ, ಎಡಕ್ಕೆ ಕಣೇ.
ತಲೆಕೆಳಗಾಗಿ ಮಲಗಿದವಳಿಗೆ
ಅವನ ಎಡ ನನ್ನ ಬಲ.
ಬಲಕ್ಕೇ ತಿರುವಿದೆ. ಸಡಿಲವಾಯಿತು.
"ನಾನು ಹೇಳಲಿಲ್ಲವಾ?" ಅಂದ.

ಹುಣಸೆ ಕೊಂಬೆಗೆ ಚೈನು ಬಿಗಿದು
ಹಳೆಯದನ್ನು ಎತ್ತಿ, ಹೊಸದನ್ನು ಇಳಿಸಿ,
ರಬ್ಬರು ಪಟ್ಟಿ ಜರುಗದಂತೆ ನಾನು ಹಿಡಿದು, ಅವನು ಬಿಗಿದು,
ಮುಗಿಯುವ ಹೊತ್ತಿಗೆ ದನ ಮನೆಗೆ ಬರುತ್ತಿದ್ದವು.

ಸುಮ್ಮನಿರಲಾರದೆ ಹಳೆಯದರ ನೆತ್ತಿ ಒಡೆದು ನೋಡಿದ.
ಕೊಳವೆ ಕೊಳವೆಯಲ್ಲೂ ಬಿಳಿಯ ಹೊಪ್ಪಳೆ.
ಉಗುರಲ್ಲಿ ಕೆರೆದೆ.
ಇದರ ಗುರುತಿದೆ ನನಗೆ.
ನೀರೊಲೆ ಹಂಡೆಯ ತಳದಲ್ಲಿ ಕೂತಿರುವುದು ಇದೇ,
ನಲ್ಲಿಯ ಮೂತಿಗೆ ಗಡ್ಡ ಬಿಟ್ಟಿರುವುದು ಇದೇ,
ಹೋದ ಮಾಘದಲ್ಲಿ ಅವನ ಸೊಂಟ ಹಿಡಿದು
ಮಂಚದಿಂದ ನೆಲಕ್ಕೆ ಉರುಳಿಸಿದ್ದೂ ಇದೇ.
ಡಾಕ್ಟರು ಪೊಟ್ಟಣ ಕಟ್ಟಿ ಕೊಟ್ಟ ಆ ಕಲ್ಲು
ಇನ್ನೂ ಸಾಸಿವೆ ಡಬ್ಬಿಯ ಪಕ್ಕದಲ್ಲಿದೆ,
ಎಸೆಯಲು ಬಿಟ್ಟಿಲ್ಲ ಮಹಾರಾಯ.

ಸಾವಿರದ ನಾನೂರು ಅಡಿಯ ಬೋರು.
ಅವನಿಗೂ ಅದೇ, ಲಾರಿಗೂ ಅದೇ.

"ನಿನಗಾದರೆ ಹುರುಳಿ ಕಟ್ಟು ಕುಡಿಸಿದೆ,
ಬಾಳೆದಿಂಡಿನ ರಸ ಕುಡಿಸಿದೆ.
ಇದಕ್ಕೆ ಯಾರು ಕುಡಿಸಿದರು?" ಅಂದೆ.
ನಗುತ್ತಾನೆ ಅಂದುಕೊಂಡಿದ್ದೆ.
ಸೊಂಟದ ಮೇಲೆ ಕೈ ಇಟ್ಟುಕೊಂಡು
ಲಾರಿಯ ಮುಖ ನೋಡುತ್ತ ನಿಂತ.

ಮತ್ತೆ ಸೈಕಲ್ಲು ತೆಗೆದುಕೊಂಡು ಹೋದ.
ಐದು ರೂಪಾಯಿ ನಾಣ್ಯ ಹಾಕಿದರೆ ನೀರು ಬಿಡುವ
ಶಾಲೆ ಪಕ್ಕದ ಫಿಲ್ಟರಿನಿಂದ
ಎರಡು ಕ್ಯಾನು ತಂದ,
ಹಸಿರು ಕೂಲೆಂಟು ಬೆರೆಸುವ ಮೊದಲು
ಒಂದೊಂದೇ ಚೊಂಬು ಲಾರಿಗೆ ಹುಯ್ದ,
ಪಥ್ಯದವರಿಗೆ ಗಂಜಿ ಹುಯ್ದ ಹಾಗೆ.

ಕ್ಯಾನಿನ ತಳದಲ್ಲಿ ಒಂದು ಲೋಟದಷ್ಟು ಉಳಿಯಿತು.
ಅದನ್ನೂ ಹುಯ್ಯಲು ಬಗ್ಗಿದವನ ಕೈಯಿಂದ ಕಸಿದು
ಅರ್ಧ ಅವನಿಗೆ ಕೊಟ್ಟೆ, ಅರ್ಧ ನಾನು ಕುಡಿದೆ.

"ಸಪ್ಪೆ" ಅಂದ.
ಹೌದು, ಸಪ್ಪೆ.
ಇಬ್ಬರೂ ಎದ್ದು ಒಳಗೆ ಹೋಗಿ
ಗಡಿಗೆಯಿಂದ ಒಂದೊಂದು ಚೊಂಬು ಬೋರಿನ ನೀರು ಕುಡಿದೆವು,
ಕಣ್ಣು ಮುಚ್ಚಿ,
ಗಂಟಲು ತುಂಬ.