ಸೋರಿಕೆಯ ಖಾತೆ

ಕಲ್ಲಿದ್ದಲ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು ನಾನು.
ವೂಚ್ ಪಟ್ಟಣದ ತುಂಬ ಆಗ ಗಿರಣಿಯ ಹೊಗೆಗೊಳವೆ;
ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ
ಸಂಜೆಗೆ ಬೂದಿ.
ನಮ್ಮ ಕೊರ್ನೆಲ್ ಸಾಹುಕಾರ ಕಡುಜಿಪುಣ,
ಗಾಡಿಯಿಂದ ಉದುರಿದ ಚೂರನ್ನೂ
ಬಗ್ಗಿ ಹೆಕ್ಕಿ ಜೇಬಿಗಿಳಿಸುವವ.

ಅಂಥವನು ಚಳಿಗಾಲ ಬಂತೆಂದರೆ
ಮೂರನೇ ಮಹಡಿಯ ಹುಡುಗ ಜೆನೋನನಿಗೆ
ಹನ್ನೆರಡು ಮೂಟೆ ಇದ್ದಲು, ನಲವತ್ತು ರೂಬಲ್ಲು.
"ಯಾವ ಖಾತೆಗೆ ಬರೀಲಿ?" ಅಂದರೆ
ಮೀಸೆಯೊಳಗೇ ಗೊಣಗುತ್ತಿದ್ದ:
"ಸೋರಿಕೆ."

ಬದಲಿಗೆ ಬಂದವು ಚಿತ್ರಗಳು.
ಒಂದರ ಮೇಲೊಂದು ವಾಲಿದ ಮನೆಗಳು,
ತಿರುವಿನಲ್ಲಿ ಬೆಂಕಿಪೆಟ್ಟಿಗೆಯಂತೆ ಅರ್ಧ ತೆರೆದ ಟ್ರಾಮು,
ನೇರಳೆ ಬಣ್ಣದ ಕುದುರೆ.
ಸಾಹುಕಾರನ ಹೆಂಡತಿ ಹೊಸಿಲು ದಾಟಿಸಲಿಲ್ಲ,
ತಕ್ಕಡಿಯ ಹಿಂದೆ ಮೊಳೆ ಹೊಡೆದೆವು.
ಗಾಡಿಯಾಳುಗಳು ಬಿದ್ದು ಬಿದ್ದು ನಕ್ಕರು.
ಒಬ್ಬ ಮಾತ್ರ ನಗದೆ ನಿಂತಿದ್ದ:
"ಇರುಳೆಲ್ಲ ಚಳಿಗೆ ನಿಂತ ಕುದುರೆ
ಹೀಗೇ ನೇರಳೆ."

ಹದಿಮೂರನೇ ಇಸವಿ, ಫೆಬ್ರವರಿ.
ಬಾಗಿಲಗಲದ ಚಿತ್ರ, ಇನ್ನೂ ಹಸಿ.
ಕೆಮ್ಮುತ್ತ ತಾನೇ ಹೊತ್ತು ತಂದು ಗೋಡೆಗಾನಿಸಿ
ಹೋದ.
ಬೀದಿ, ಹಿಮ, ಹಳದಿ ದೀಪದ ಸಾಲು.
ನಟ್ಟನಡುವೆ ಒಂದು ಕರಿಚುಕ್ಕೆ.
ಮಂಡಿಯಲ್ಲಿ ಏನಿಟ್ಟರೂ ಮಸಿ ಕೂರುತ್ತದಲ್ಲ,
ಹೆಬ್ಬೆರಳಲ್ಲಿ ಒರೆಸಿಬಿಟ್ಟೆ,
ಅದೇ ಬೆರಳಲ್ಲಿ ಲೆಕ್ಕದ ಪುಟ ಮಗುಚಿದೆ.

ಸಂಜೆ ಸಾಹುಕಾರ ಬಂದ.
ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡು
ಲಾಟೀನು ಮೇಲೆ ಕೆಳಗೆ ಆಡಿಸಿ
ಹುಡುಕಿದ.
"ನಾನು ರಸ್ತೆ ದಾಟುವ ಹಾಗೆ ಬರೆದಿದ್ದೇನೆ ಅಂದಿದ್ದ...
ಎಲ್ಲಿ?"
ನಾನು ತಲೆಯೆತ್ತದೆ ಕೂಡಿದ್ದನ್ನೇ ಕೂಡಿದೆ.
"ದಾಟಿ ಆಗಿರಬೇಕು," ಅಂದ ಕೊನೆಗೆ.
ಮುಂದಿನ ಚಳಿಗೂ ಹನ್ನೆರಡು ಮೂಟೆ ಹೋಯಿತು,
ತೆಗೆದುಕೊಳ್ಳಲು ಜೆನೋನ್ ಇರಲಿಲ್ಲ.

ಯುದ್ಧ ಬಂತು, ಮಂಡಿ ಹೋಯಿತು, ಸಾಹುಕಾರನೂ.
ಈಗ ಆ ಚಿತ್ರ ಮ್ಯೂಸಿಯಮ್ಮಿನಲ್ಲಿದೆ, ಹಗ್ಗದಾಚೆ.
ಕೋಲು ಹಿಡಿದ ಮೇಷ್ಟ್ರು ಮಕ್ಕಳಿಗೆ ಹೇಳುತ್ತಿದ್ದರು:
"ನೋಡಿ, ಒಂದು ನರಪಿಳ್ಳೆ ಇಲ್ಲ.
ಹೊಸ ಕಾಲದ ನಗರವೆಂದರೆ ಈ ಖಾಲಿ."
ಮಕ್ಕಳು ಬರೆದುಕೊಂಡರು.
ನಾನು ಕೈಗಳನ್ನು ಜೇಬಿನಲ್ಲಿಟ್ಟುಕೊಂಡೆ.

ಮನೆಯಲ್ಲಿ ಆ ವರ್ಷದ ಲೆಕ್ಕದ ಪುಸ್ತಕವಿದೆ.
ಫೆಬ್ರವರಿ ಪುಟದ ಮೂಲೆಯಲ್ಲಿ,
ಸೋರಿಕೆ ಅಂತ ಬರೆದ ಪಕ್ಕಕ್ಕೇ,
ಹೆಬ್ಬೆಟ್ಟಿನಗಲ ಕಪ್ಪು.
ಕನ್ನಡಕ ಹಾಕಿದರೆ ನನ್ನದೇ ಬೆರಳ ಗೆರೆಗಳು.
ತೆಗೆದರೆ
ಕೋಟು ತೊಟ್ಟ ಯಾರೋ, ಸ್ವಲ್ಪ ಬಗ್ಗಿದ ಹಾಗೆ,
ನೆಲದಿಂದ ಏನನ್ನೋ ಹೆಕ್ಕಲು.