ಎರಡು ಸೆಕೆಂಡು

ಶಾಲೆಯವರು ಹರಾಜಿಗಿಟ್ಟದ್ದು, ಹನ್ನೆರಡು ಯೂರೋ.
ಬೆನ್ನ ಮೇಲೆ ಇನ್ನೂ ಚೀಟಿ: ಭೂಗೋಳದ ಕೋಣೆ, ಯಂತ್ರ ಮೂರು.
ಕಂಬಳಿ ಸುತ್ತಿ, ಒಂಟಿಗಾಲಲ್ಲಿ ಒದ್ದು ಓಡಿಸುವ ಹಿಮಗಾಡಿಯ ಮೇಲೆ
ಅಜ್ಜಿಯನ್ನು ಕೂರಿಸಿಕೊಂಡಂತೆ ಕೂರಿಸಿಕೊಂಡು
ರೌಮಾದ ಬಂದರುಬೀದಿಯುದ್ದ ಜಾರಿಸಿ ತಂದೆ.

ಬಾಗಿಲಲ್ಲಿ ಸಿಲ್ವಿ. ಅವಳ ಕೈ ಕೇಳಿತು: ಇದ್ಯಾಕೆ?
ನಡುಮನೆಗೆ, ಎಂದೆ. ಸಿನಿಮಾಕ್ಕೆ.
ಟಿವಿ ಇದೆಯಲ್ಲ?
ಟಿವಿ ಅದಕ್ಕೆ ಬೇಕಾದ್ದು ತೋರಿಸುತ್ತೆ, ಇದು ನಮಗೆ ಬೇಕಾದ್ದು.
ಇಷ್ಟುದ್ದದ ಮಾತು ಉಣ್ಣೆಗವಸಿನೊಳಗೆ ತೊದಲಿತು.
ಗವಸು ಕಿತ್ತು, ಬೆರಳು ಬಿಸಿಮಾಡಿಕೊಂಡು
ಇನ್ನೊಮ್ಮೆ ಹೇಳಬೇಕಾಯಿತು.

ಮೂರು ಸಂಜೆ ಹಿಡಿಯಿತು.
ಕೇಬಲ್ಲು ಒಂದು ಗೇಣು ಗಿಡ್ಡ; ಟಿವಿಯನ್ನೇ ಸರಿಸಿದೆ,
ಟಿವಿ ಸರಿದಲ್ಲಿ ಜರೇನಿಯಂ ಕುಂಡ ನೆಲೆ ತಪ್ಪಿತು.
ರಿಮೋಟಿಗೊಂದು ಕಣ್ಣು ಬೇಕಂತೆ. ಕೆಳಮನೆಯ ಹುಡುಗ ವಿಲ್ಯಾಮಿ
ಬೆರಳುಗಾತ್ರದ್ದೊಂದು ಹುಡುಕಿ ತಂದ,
ಲಿಂಗನ್‌ಬೆರಿ ಜಾಮಿನ ಜಾಡಿ ಬಗಲಲ್ಲಿಟ್ಟುಕೊಂಡು ಹೋದ.
ಆ ಕಣ್ಣನ್ನು ಟಿವಿಯ ಹಣೆಗೆ ಅಂಟಿಸಿದೆ, ತುಸು ವಾರೆ.
ಪರದೆ ತುಂಬ ನೀಲಿ. ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲ.
ಕಣ್ಣಿಗೆ ಪೊರೆ ಬಂದವನು ನಾನು, ಮೆನುವಿನ ಅಕ್ಷರಕ್ಕೆ
ಮೂಗು ತಾಗಿಸಿ ನಿಂತು ಒಂದೊಂದೇ ಸಾಲು ಇಳಿದೆ,
ಗಾಜಿನ ಮೇಲೆಲ್ಲ ನನ್ನ ಉಸಿರು.
ಕೊನೆಗೆ ಚಿತ್ರ ಬಂತು. ಬಂದದ್ದೇ ತಡ, ಫ್ಯಾನಿನ ಗೊಣಗು.

ಮೂವತ್ತು ವರ್ಷ ಹಡಗಿನ ಹೊಟ್ಟೆಯೊಳಗೆ
ಎಂಜಿನ್ನಿನ ಕೆಮ್ಮು ಕೇಳಿಯೇ ಕಾಯಿಲೆ ಹೇಳಿದವನು;
ಅಂಗೈಯಗಲದ ಫ್ಯಾನು ನನ್ನ ಕಿವಿ ತಿನ್ನುವುದೇ?
ಬಿಚ್ಚಿದೆ. ಒಳಗೆ ಸೀಮೆಸುಣ್ಣದ ಪುಡಿ,
ಎಷ್ಟು ನದಿ, ಎಷ್ಟು ರಾಜಧಾನಿ ಒರೆಸಿದ್ದೋ.
ಬ್ರಷ್ಷಾಡಿಸಿ, ಹೊಲಿಗೆಯಂತ್ರದ ಎಣ್ಣೆ ಒಂದೇ ತೊಟ್ಟು ಬಿಟ್ಟು
ತಿರುಗಿ ಕೇಳಿದೆ ಸಿಲ್ವಿಯನ್ನು: ಈಗ?
ಕೇಳಿದ ಮೇಲೆ ನಾಲಿಗೆ, ಅಲ್ಲ, ಬೆರಳು ಕಚ್ಚಿಕೊಂಡೆ.
ಆರನೆಯ ವಯಸ್ಸಿನ ಜ್ವರ ಅವಳ ಕಿವಿ ಒಯ್ದು
ಐವತ್ತೆಂಟು ವರ್ಷ.
ಅವಳೇನೂ ಬೇಸರಿಸಲಿಲ್ಲ. ಬಂದು ಡಬ್ಬದ ನೆತ್ತಿಯ ಮೇಲೆ ಅಂಗೈ ಇಟ್ಟು
ಕಣ್ಣು ಮುಚ್ಚಿ ನಿಂತಳು.
ಇನ್ನೂ ನಡುಗ್ತಿದೆ, ಎಂದಳು,
ನನ್ನ ಹಳೆ ಬೂಟಿನೊಳಗಿನ ಉಣ್ಣೆಯಟ್ಟೆ ಕತ್ತರಿಸಿ
ನಾಲ್ಕು ಮೂಲೆಗೂ ತಾನೇ ತುರುಕಿದಳು.
ಮತ್ತೆ ಅಂಗೈ. ಈಗ ಮಲಗಿತು.
ನಿಜ. ನನ್ನ ಕಿವಿಗೂ ಏನೂ ಇರಲಿಲ್ಲ.

ಸಿನಿಮಾ ಅಂದರೆ ಕತ್ತಲೆ, ಎನ್ನುತ್ತಾರೆ.
ನಮ್ಮಲ್ಲಿ ದೀಪ ಆರಿಸಿದರೆ ಮಾತು ನಿಲ್ಲುತ್ತದೆ.
ಸೋಫಾದ ಪಕ್ಕ ಸಣ್ಣದೊಂದು ಹಚ್ಚಿಟ್ಟೆವು, ನಾಲ್ಕು ಕೈಗೆ ಸಾಕಾಗುವಷ್ಟು.

ಪಾದ್ರಿಯ ಟೊಪ್ಪಿಯನ್ನು ಮೇಕೆ ತಿನ್ನುವ ಹಳೆಯ ನಗೆಚಿತ್ರ.
ನಾನು ಕೇಳಿ ನಕ್ಕೆ. ಅವಳು ಓದಿ ನಕ್ಕಳು, ನನ್ನ ನಗು ಮುಗಿದ ಮೇಲೆ.
ಇವರು ಬಾಯಿ ಮುಚ್ಚಿದ ಮೇಲೆ ಮಾತು ಬರುತ್ತಿದೆ, ಎಂದಳು.
ಸಬ್‌ಟೈಟಲ್ಲು ಎರಡು ಸೆಕೆಂಡು ತಡ.

ಎರಡೇನು ಮಹಾ.
ಕ್ರಿಸ್‌ಮಸ್ ಊಟದಲ್ಲಿ ನನ್ನ ತಮ್ಮಂದಿರು ಮೇಜು ಕುಟ್ಟಿ ನಗುವಾಗ
ಏನಂತೆ ಎಂದು ಅವಳು ನನ್ನ ತೋಳು ಜಗ್ಗಿದರೆ
ಆಮೇಲೆ ಹೇಳ್ತೀನಿ, ಎನ್ನುತ್ತಿದ್ದೆ.
ಬಾಯಲ್ಲಿ ಆಲೂಗಡ್ಡೆ, ಕೈಯಲ್ಲಿ ಫೋರ್ಕು.
ಎಂದದ್ದು ಎಷ್ಟು ಸಲವೋ. ಹೇಳಿದ್ದು?

ಮತ್ತೆ ಪರದೆಗೆ ಮೂಗು. ಅರ್ಧ ಹಿಂದೆ, ಇನ್ನರ್ಧ,
ಒತ್ತಿದೆ, ಒತ್ತಿದೆ, ಲೆಕ್ಕ ತಪ್ಪಿತು.
ಬಂದು ಕೂರುತ್ತೇನೆ: ಮೇಕೆ ಇನ್ನೂ ಬೇಲಿಯಾಚೆ,
ಪಾದ್ರಿ ಬಾಯೇ ತೆರೆದಿಲ್ಲ,
ಸಿಲ್ವಿ ಆಗಲೇ ಹೊಟ್ಟೆ ಹಿಡಿದುಕೊಂಡಿದ್ದಾಳೆ.
ಹೆಚ್ಚಾಯ್ತು, ಸರಿಮಾಡ್ತೀನಿ ಎಂದು ಎದ್ದರೆ ಅಂಗಿ ಹಿಡಿದೆಳೆದಳು:
ಇರಲಿ ಬಿಡು.
ಸೋಫಾದಿಂದ ನನಗೆ ಆ ಅಕ್ಷರ ಬರೀ ಇರುವೆಸಾಲು.
ಏನಂತೆ? ಎಂದೆ.
ಪರದೆಯಿಂದ ಕಣ್ಣು ಕೀಳದೆ, ದೀಪದ ಬೆಳಕಿಗೆ ಒಂದೇ ಕೈ ಎತ್ತಿ
ಅಂದಳು: ಆಮೇಲೆ ಹೇಳ್ತೀನಿ.